ಕಾಕಾನ ತಕರಾರಿನಲ್ಲಿದ್ದ ಟ್ರ್ಯಾಕ್ಟರ್

ಆಷಾಢದ ಎರಡನೇ ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ.

ಹಾನಗಲ್ಲಿನಲ್ಲಿ ನಮ್ಮ ಕಾಕಾನಷ್ಟು ಕಾಯಿದೆ ತಿಳಿದವರು ಇನ್ನೊಬ್ಬರಿಲ್ಲ. ಹೀಗೆಂದು ಹೇಳಿದವನೂ ಕಾಕಾನೇ! ಅಪ್ಪನ ತಮ್ಮನಾದ ಈತನಿಗೆ ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ. ಒಂಬತ್ತು ವರ್ಷಗಳಿಂದ ಸವಣೂರಿನ ಗಂಡಂದಿರು, ಹಿರೇಕೆರೂರಿನ ಹೆಂಡಂದಿರು ಹೊತ್ತು ತಂದ ಜಗಳದ ಕಾಗದಗಳೆಲ್ಲ ಈತನ ಮಷಿನ್ನಿನಲ್ಲಿ ಹಾದುಹೋಗಿವೆ. ಹಾದುಹೋದದ್ದೆಲ್ಲ ತನ್ನ ತಲೆಗೂ ಹತ್ತಿದೆ ಎಂದು ಈತನ ನಂಬಿಕೆ. ಹಿಟ್ಟಿನ ಗಿರಣಿಯವನಿಗೆ ಊರವರು ತಿಂದ ರೊಟ್ಟಿಯಿಂದ ಹೊಟ್ಟೆ ತುಂಬೀತೇ?

ಇನ್ನೊಂದು ಚಟವಿದೆ. ಗಿರಾಕಿ ಎರಡು ಪ್ರತಿ ಕೇಳಿದರೆ ಈತ ಮೂರು ತೆಗೆಯುತ್ತಾನೆ. ಮೂರನೆಯದು ಟ್ರಂಕಿಗೆ. ಊರವರ ಮನೆಯ ಮಾತು ನಿನಗೇಕೆ ಎಂದು ಕೇಳಿದರೆ, ಇರಲಿ, ಯಾವಾಗಲಾದರೂ ಬೇಕಾಗುತ್ತದೆ ಎನ್ನುತ್ತಾನೆ. ನಾನು ಎಣಿಸಿದ್ದೇನೆ: ಟ್ರಂಕು ನಾಲ್ಕು, ಬೇಕಾದ ಸಂದರ್ಭ ಒಂದು. ಆ ಒಂದು ಸಂದರ್ಭವೇ ಈ ಬರಹ.

ಕಾಕಾನ ಹೆಂಡತಿ, ನಮ್ಮ ಕಾಕು, ತಿಳವಳ್ಳಿಯ ತವರಿಗೆ ಹೋಗಿ ವಿಚ್ಛೇದನಕ್ಕೆ ಅರ್ಜಿ ಹಾಕಿದಳು. ಸಾರಿಗೆ ಉಪ್ಪು ಹೆಚ್ಚಾದರೂ ಸೆಕ್ಷನ್ ಹೇಳುವ ಗಂಡನೊಂದಿಗೆ ಎಷ್ಟು ದಿನ ಬಾಳುವುದು? ಒಂದೇ ಭಾನುವಾರ ಆತ ಹದಿನೇಳು ಸಲ ‘ಸೆಕ್ಷನ್’ ಎಂದದ್ದು ನನ್ನ ಡೈರಿಯಲ್ಲಿದೆ. ಕಾಕು ಬಿಡುಗಡೆಯ ಜೊತೆ ಕೇಳಿದ್ದು ಎರಡು: ತಿಂಗಳ ಜೀವನಾಂಶ ಮತ್ತು ತವರಿನವರು ಹಾಕಿದ ಎರಡು ತೊಲೆಯ ಬೋರಮಾಳ. ಆ ಸರ ಮಾರಿಯೇ ಕಾಕಾ ಝೆರಾಕ್ಸ್ ಮಷಿನ್ ತಂದದ್ದು. ಅಷ್ಟು ಬಂಗಾರ ಕೈಗೆ ಬಂದರೆ ತಿಳವಳ್ಳಿಯ ಬಸ್‌ಸ್ಟ್ಯಾಂಡಿನ ಹತ್ತಿರ ರೊಟ್ಟಿ ಅಂಗಡಿ ಇಡುವುದು ಆಕೆಯ ವಿಚಾರ. ಆದರೆ ಸರ ಮಾರಿದ ಬಿಲ್ಲು ಎಲ್ಲೋ ಕಳೆದುಹೋಗಿತ್ತು.

ಕಾಕಾ ವಕೀಲರನ್ನು ಹಿಡಿಯಲಿಲ್ಲ. ಟ್ರಂಕು ತೆರೆದ. ಚಿಕ್ಕೇರೂರಿನ ಯಾರೋ ಗಂಡ ಹಿಂದೆ ಹಾಕಿದ್ದ ತಕರಾರು ಅರ್ಜಿ ಸಿಕ್ಕಿತು. ಹೆಸರುಗಳ ಮೇಲೆ ಬಿಳಿ ಬಣ್ಣ ಬಳಿದು, ತಮ್ಮಿಬ್ಬರ ಹೆಸರು ಬರೆದು, ಪ್ರತಿ ತೆಗೆದು, ಸಹಿ ಮಾಡಿ ಕೋರ್ಟಿಗೆ ಕೊಟ್ಟ. ಹೆಸರೇನೋ ಬದಲಾಯಿತು, ಸಂಸಾರ ಚಿಕ್ಕೇರೂರಿನವನದೇ ಉಳಿಯಿತು! ಅದರ ಪ್ರಕಾರ ಕಾಕಾನಿಗೆ ಎಂಟು ಎಕರೆ ಹೊಲ, ಒಂದು ಟ್ರ್ಯಾಕ್ಟರ್. ಸಾಲದ್ದಕ್ಕೆ ಅತ್ತೆ ಆತನಿಗೆ ಲಟ್ಟಣಿಗೆಯಿಂದ ಹೊಡೆದಿದ್ದಳು. ಆ ಅತ್ತೆ ತೀರಿಕೊಂಡದ್ದು ಇವರ ಮದುವೆಗೆ ಆರು ವರ್ಷ ಮೊದಲು!

ಕೋರ್ಟು ಇಬ್ಬರನ್ನೂ ರಾಜಿ ಮಾತುಕತೆಗೆ ಕಳಿಸಿತು. ಕಾಕುವಿನ ಜೊತೆಗೆ ನಾನೂ ಹೋಗಿದ್ದೆ. ಕಾಕು ಆ ಕಾಗದವನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳಿದಳು.

“ಎಂಟ್ ಎಕರೆ ಐತಿ ಅಂತ ನೀವ ಬರದೀರಿ. ಜೀವನಾಂಶನೂ ಹಂಗ ಕೊಡ್ರಲ್ಲ.”

“ಅದು ನಂದಲ್ಲ. ಚಿಕ್ಕೇರೂರಾಂವಂದು.”

“ಸಹಿ ಯಾರದ್ರಿ?”

“ಸಹಿ ನಂದ.”

ಮಧ್ಯಸ್ಥಿಕೆಗೆ ಕೂತಿದ್ದ ವಕೀಲರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಕಾಗದದ ಮೇಲೆ ಗೆರೆ ಎಳೆಸಿ ಹೊಲ ಹೊಡೆಸಿದರು, ಟ್ರ್ಯಾಕ್ಟರ್ ಹೊಡೆಸಿದರು, ಅತ್ತೆಯ ಲಟ್ಟಣಿಗೆಯನ್ನೂ ಹೊಡೆಸಿದರು. ಆಗ ಕಾಕು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. ‘ಅರ್ಜಿದಾರಳ ಬಂಗಾರದ ಮಾತು ಶುದ್ಧ ಸುಳ್ಳು’ ಎಂದಿತ್ತು ಅಲ್ಲಿ.

“ಇದೂ ಚಿಕ್ಕೇರೂರಾಂವಂದ ಏನ್ರಿ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಈ ಮಹಾಶಯ ಗೋಡೆ ನೋಡುತ್ತ, ಬಿಲ್ಲು ತೋರಿಸಲಿ ಎಂದ. ಬಿಲ್ಲಿಲ್ಲದಿದ್ದರೆ ಕಷ್ಟ ಎಂದು ಕಾಕುವಿನ ವಕೀಲರು ಮೊದಲೇ ಹೇಳಿದ್ದರು. ಆಕೆ ಎದ್ದು ತಿಳವಳ್ಳಿಯ ಬಸ್ಸು ಹತ್ತಿದಳು. ಅಂದಿನಿಂದ ನಾನು ಕಾಕಾನ ಜೊತೆ ಮಾತು ಬಿಟ್ಟೆ. ಇಪ್ಪತ್ತಾರು ದಿನ. ಯಂತ್ರ ಒತ್ತಿ ಒತ್ತಿ ಮನುಷ್ಯನೂ ಯಂತ್ರವಾದ ಎಂದು ಡೈರಿಯಲ್ಲಿ ಬರೆದೆ. ಇನ್ನೂ ಬರೆದದ್ದು ಇಲ್ಲಿ ಬೇಡ.

ಇಪ್ಪತ್ತೇಳನೆಯ ದಿನ ಮತ್ತೆ ಮಾತುಕತೆಯ ತಾರೀಖು. ಬೆಳಿಗ್ಗೆ ಅಂಕಪಟ್ಟಿಯ ಪ್ರತಿ ಬೇಕಾಗಿ, ಬೇರೆ ಅಂಗಡಿಗಳು ಇನ್ನೂ ತೆರೆಯದ ಕಾರಣ, ಕಾಕಾನಲ್ಲಿಗೇ ಹೋದೆ. ಆತ ಸ್ಟೂಲಿನ ಮೇಲೆ ನಿಂತು ಲಕ್ಷ್ಮಿಯ ಫೋಟೋ ಇಳಿಸುತ್ತಿದ್ದ. ಅದರ ಹಿಂದೆ ನಾಲ್ಕು ಮಡಿಕೆಯ ಒಂದು ಕಾಗದ, ಮೂಲೆಯಲ್ಲಿ ಒಣಗಿದ ಕುಂಕುಮದ ಬೆರಳಚ್ಚು. ಮಷಿನ್ ಬಂದ ದಿನ ಪೂಜೆ ಮಾಡಿ ಮೊದಲ ಪ್ರತಿ ತೆಗೆಯಲು ಅಂಗಡಿಯಲ್ಲಿ ಒಂದು ಕಾಗದವೂ ಇರಲಿಲ್ಲವಂತೆ. ಕಾಕು ತನ್ನ ಪರ್ಸಿನಿಂದ ಬೋರಮಾಳ ಮಾರಿದ ಬಿಲ್ಲು ತೆಗೆದುಕೊಟ್ಟಿದ್ದಳಂತೆ. ಇದು ಅದರ ಪ್ರತಿ. ಅಕ್ಷರಗಳು ಇನ್ನೂ ಕಪ್ಪಗೇ ಇದ್ದವು: ಆಕೆಯ ಹೆಸರು, ಎರಡು ತೊಲೆ.

ಕಾಕಾ ಅದನ್ನು ನನ್ನ ಕೈಗಿಟ್ಟ. “ಕಾಕೂಗ ಕೊಡು. ನಾ ಕೊಡಾಕ ಹ್ವಾದ್ರ ಮತ್ತ ಸೆಕ್ಷನ್ ಹೇಳ್ತೇನಿ.”

“ಒಂದ್ ಹೆಚ್ಚಿಗಿ ತಕ್ಕೋ ಕಾಕಾ,” ಎಂದೆ. ರೂಢಿ, ನೋಡಿ.

“ಬ್ಯಾಡ,” ಎಂದು ಆತ ಮಷಿನ್ನಿನ ಸ್ವಿಚ್ ಆರಿಸಿದ.

ಕೋರ್ಟಿನ ಕಟ್ಟೆಯ ಮೇಲೆ ಕೂತಿದ್ದ ಕಾಕು ಕಾಗದ ಬಿಡಿಸಿದಳು. ಬಂಗಾರದ ಸಾಲನ್ನು ಓದಲೇ ಇಲ್ಲ. ಕುಂಕುಮದ ಮೇಲೆ ಹೆಬ್ಬೆರಳಿಟ್ಟು ನೋಡಿದಳು. ಸರಿಯಾಗಿ ಕೂತಿತು.

ಈಗ ಬೋರಮಾಳದ ದುಡ್ಡು ತೀರಿಸಲು ಕಾಕಾ ಮಷಿನ್ ಮಾರಾಟಕ್ಕಿಟ್ಟಿದ್ದಾನೆ. ಮಾರಬೇಡಿರೆಂದು ತಿಳವಳ್ಳಿಯಿಂದ ಎರಡು ಸಲ ಫೋನು ಬಂದಿದೆ. ವಿಚ್ಛೇದನದ ಅರ್ಜಿಯನ್ನು ಮಾತ್ರ ಕಾಕು ಇನ್ನೂ ಹಿಂದಕ್ಕೆ ಪಡೆದಿಲ್ಲ. ಹೆಂಡತಿಯ ಬೋರಮಾಳದಿಂದ ಬಂದ ಮಷಿನ್ ಕಾಯಿದೆಯಲ್ಲಿ ಯಾರದು? ನಂದಲ್ಲ, ನಿಂದು ಎಂದು ಇಬ್ಬರೂ ಹೇಳುತ್ತಿರುವಾಗ ಏನು ಮಾಡಬೇಕು? ತಿಳಿದವರು ದಯವಿಟ್ಟು ನನಗೆ ಬರೆಯಿರಿ. ನಿಮ್ಮ ಕೈಯಾರೆ ಬರೆಯಿರಿ, ನಕಲು ಬೇಡ.