ಕೋಚ್ ಮೇಡಂ ಅವರನ್ನು ಮರಳಿ ಕಳಿಸುವ ಕುರಿತು

ದೂರದಿಂದಲೇ ಆರೋಗ್ಯ ಹಂಚುವ ಕಂಪನಿಯ ಮಾನ್ಯ ನಿರ್ದೇಶಕರೇ,

ರೋಗಿಯನ್ನು ನೋಡಿಕೊಳ್ಳುವವರನ್ನೂ ಯಾರಾದರೂ ನೋಡಿಕೊಳ್ಳಬೇಕೆಂಬ ತಮ್ಮ ಘನ ಚಿಂತನೆಗೆ, ಮನೆಯಲ್ಲೇ ಶಾಲಾ ಸಮವಸ್ತ್ರ ಹೊಲಿಯುತ್ತ, ಎಡಗೈ ಸ್ವಾಧೀನ ತಪ್ಪಿದ, ನೆನಪೂ ಕೈಕೊಟ್ಟ ಮಾವನವರನ್ನು ಎರಡು ವರ್ಷದಿಂದ ನೋಡಿಕೊಳ್ಳುತ್ತಿರುವ ಈ ಸೊಸೆ ನಿಂತಲ್ಲೇ ಮಾಡಿದ ಸಾಷ್ಟಾಂಗ ನಮಸ್ಕಾರ. ಬಗ್ಗಲು ಸೊಂಟ ಒಪ್ಪುತ್ತಿಲ್ಲ.

ಮಂಗಳವಾರ ಮಧ್ಯಾಹ್ನಗಳಲ್ಲಿ ನನ್ನಂಥವರಿಗೆ ನೆಮ್ಮದಿ ಕಲಿಸಲೆಂದು ತಾವು ನೇಮಿಸಿದ ಕೋಚ್ ಮೇಡಂ ಫೋನಿನ ಪರದೆಯಲ್ಲಿ ಪ್ರತ್ಯಕ್ಷರಾಗಿ, ದಿನಕ್ಕೆ ಹತ್ತು ನಿಮಿಷ ನನಗಾಗಿ ಇಟ್ಟುಕೊಳ್ಳಬೇಕೆಂದು ಅಪ್ಪಣೆ ಕೊಡಿಸಿದರು. ವಿಧೇಯಳಾಗಿ ಕಣ್ಣು ಮುಚ್ಚಿದೆ. ತೆರೆಯುವಷ್ಟರಲ್ಲಿ ಮಾವನವರು ಹೊಲಿಗೆಗಿಟ್ಟಿದ್ದ ಹನ್ನೆರಡು ಕಾಲರುಗಳನ್ನು ಕತ್ತರಿಯಿಂದ ಎರಡೆರಡು ಹೋಳು ಮಾಡಿ, ಬಲು ಅಚ್ಚುಕಟ್ಟಾಗಿ ಜೋಡಿಸಿಟ್ಟಿದ್ದರು.

ಆರನೆಯ ವಾರ ಮೇಡಂ "ಉಸಿರು ಒಳಗೆ ತಗೊಳ್ಳಿ" ಎನ್ನುತ್ತಿದ್ದಂತೆ ಅವರ ಹಿಂದಿನ ಕೋಣೆಯಿಂದ ಮುದುಕಿಯೊಬ್ಬರ ದನಿ ಬಂತು: "ಲೇ, ನನ್ನ ಹಲ್ಲು ಎಲ್ಲಿಟ್ಟೆ?" ಒಳಗೆ ತೆಗೆದುಕೊಂಡ ಉಸಿರನ್ನು ಬಿಡಲು ಅಪ್ಪಣೆಯಿಲ್ಲದೆ ಕಾಯುತ್ತಿರುವಾಗ ದಡಾರನೆ ಏನೋ ಬಿತ್ತು. ಮೇಡಂ ಓಡಿದರು. ಮರಳಿದಾಗ ತೋಳೂ ಒದ್ದೆ, ಕಣ್ಣೂ ಒದ್ದೆ.

"ಅಮ್ಮನಿಗೇನೂ ಆಗಿಲ್ಲ, ಬಕೆಟ್ ಬಿತ್ತು ಅಷ್ಟೆ. ಆದ್ರೆ ನಂಗೆ ಸಾಕಾಗಿದೆ ಅಕ್ಕಾ, ಒಬ್ಳೇ ನೋಡ್ಕೋಬೇಕು," ಎಂದರು. "ಮೊದ್ಲು ಕೂತ್ಕೊಳಮ್ಮ, ನೀರು ಕುಡಿ," ಎಂದೆ. ಇಬ್ಬರೂ ಅತ್ತೆವು. ಆಮೇಲೆ ಹಲ್ಲಿನ ಸೆಟ್ಟು ಅವರ ಪಕ್ಕದ ಲೋಟದಲ್ಲೇ ಇರುವುದನ್ನು ಪರದೆಯಲ್ಲಿ ನಾನೇ ಕಂಡು ತೋರಿಸಿದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಫೋನು ಇಡುವ ಮುಂಚೆ ಒಬ್ಬರ ನಂಬರು ಇನ್ನೊಬ್ಬರು ಬರೆದುಕೊಂಡೆವು.

ತಾವು ಆ ಕರೆಯ ರೆಕಾರ್ಡಿಂಗನ್ನು ಕೂಲಂಕಷವಾಗಿ ಆಲಿಸಿ, 'ನಿಯಮಬಾಹಿರ ನಗು' ಎಂದು ದಾಖಲಿಸಿ, ಅವರನ್ನು ಕೆಲಸದಿಂದ ತೆಗೆದು ಯಂತ್ರದ ದನಿಯೊಂದನ್ನು ನೇಮಿಸಿದ್ದೀರಿ. ಅದಕ್ಕೆ ತಾಯಿಯೂ ಇಲ್ಲ, ಸುಸ್ತೂ ಇಲ್ಲ. ಎಂಥ ಆದರ್ಶ ನೌಕರ! ನನ್ನದೊಂದು ಸಣ್ಣ ಬಿನ್ನಹ: ಅದಕ್ಕೆ ಎರಡು ಗಟ್ಟಿ ಕೈ ಜೋಡಿಸಿ, ಮಾವನವರ ಸ್ನಾನದ ಹೊತ್ತಿಗೆ ಕಳಿಸಿಕೊಡಿ. ಅದಾಗದಿದ್ದರೆ ನಮ್ಮ ಮೇಡಂ ಅವರನ್ನು ಅವರ ಕುರ್ಚಿಗೆ ಮರಳಿಸಿ. ಅಲ್ಲಿಯವರೆಗೆ ನಾವಿಬ್ಬರೂ ತಮ್ಮ ಅನುಮತಿಯಿಲ್ಲದೆಯೇ ಮಾತಾಡಿಕೊಳ್ಳುತ್ತಿದ್ದೇವೆ. ಮೇಡಂ ಬೈದದ್ದಕ್ಕೇ ಕಳೆದ ವಾರ ಪಕ್ಕದ ಮನೆಯ ನಿವೃತ್ತ ಕಂಪೌಂಡರನ್ನು ಮಾವನವರ ಬಳಿ ಕೂರಿಸಿ, ವರ್ಷದಿಂದ ಮುಂದೂಡಿದ್ದ ಸೊಂಟವನ್ನು ಡಾಕ್ಟರಿಗೆ ತೋರಿಸಿ ಬಂದೆ.

ತಮ್ಮ ಮುಂದಿನ ಕರೆಗೆ ಕಾಯದೆ ಇರುವ,
ತಮ್ಮ ವಿಶ್ವಾಸಿ,
ಟೈಲರ್ ಸೊಸೆ

ತಾ.ಕ.: ಮೊನ್ನೆ ಯಂತ್ರ ಕರೆ ಮಾಡಿದಾಗ ಫೋನನ್ನು ಮಾವನವರ ಕೈಗೆ ಕೊಟ್ಟೆ. "ಊಟ ಆಯ್ತೇನಪ್ಪಾ?" ಎಂದು ಹದಿನಾಲ್ಕು ಸಲ ಕೇಳಿಸಿಕೊಂಡು ಸೋತ ಅದು, ನಿರ್ದೇಶಕರಾದ ತಮ್ಮ ನೇರ ನಂಬರನ್ನೇ ಕೊಟ್ಟುಬಿಟ್ಟಿದೆ. ಇನ್ನು ಮಾವನವರು ದಿನಾ ತಮಗೇ ಫೋನು ಮಾಡುತ್ತಾರೆ. ಬೇಸರಿಸದೆ ಉತ್ತರಿಸಿ, ಅವರಿಗೆ ಉತ್ತರ ಮರೆತುಹೋಗುತ್ತದೆ, ಪ್ರಶ್ನೆ ಮರೆಯುವುದಿಲ್ಲ.