ಫಲೂದನಿಗೆ ಕೊರಿಯನ್ ಕಂಬಳಿ

ಜುಲೈ ತಿಂಗಳ ಮಟಮಟ ಮಧ್ಯಾಹ್ನ, ಅದೂ ಕುವೈತಿನಲ್ಲಿ, ದಪ್ಪ ಕಂಬಳಿ ಮಾರಬಲ್ಲ ಗಂಡು ಇಡೀ ಎಗೈಲಾ ಪೇಟೆಯಲ್ಲಿ ಒಬ್ಬನೇ. ಅವನೇ ಸೇಸಪ್ಪ! ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಬೆರಳು ಸುಡುವ ಹೊತ್ತಿನಲ್ಲಿ ಗಿರಾಕಿಯನ್ನು ಕೂರಿಸಿ, "ಬಿಸಿಲು ಹೊರಗೆ ಭಾಯಿ, ಮನೆಯೊಳಗೆ ಏಸಿ ಉಂಟಲ್ಲ! ರಾತ್ರಿ ನಡುಗಿದರೆ ಯಾರು ಕೇಳ್ತಾರೆ?" ಎಂದು ಶುರು ಮಾಡಿದರೆ ಮುಗಿಯಿತು. ದಿಂಬಿನ ಕವರು ಕೇಳಲು ಬಂದವನು ಕೊರಿಯನ್ ಕಂಬಳಿ ಹೊತ್ತು ಬೆವರುತ್ತ ಹೋಗುತ್ತಿದ್ದ. ಮಾತು ಮುಂದೆ ಹೋದರೆ ಸರಕು ತಾನಾಗಿ ಅದರ ಹಿಂದೆಯೇ ಹೋಗುತ್ತದೆ ಎಂಬುದು ಸೇಸಪ್ಪನ ಸಿದ್ಧಾಂತ.

ಹಾಗಾಗಿ ಮಗಳು ತೃಪ್ತಿ ಸೋದರತ್ತೆಯ ಮಗಳ ಮದುವೆಗೆಂದು ಊರಿಗೆ ಹೊರಟು, ತನ್ನ ಫಲೂದನನ್ನು ಬಿಟ್ಟು ಹೋಗುವುದು ಹೇಗೆಂದು ಏರ್‌ಪೋರ್ಟಿನಲ್ಲಿ ಕಣ್ಣೊರೆಸಿಕೊಂಡಾಗ ಅವನು ಎದೆ ತಟ್ಟಿಕೊಂಡ.

"ನೀನು ಬರುವಾಗ ಅವನು ಡಬ್ಬಲ್ ಆಗಿರ್ತಾನೆ ನೋಡು! ಇದು ಸೇಸಪ್ಪನ ಗ್ಯಾರಂಟಿ!"

"ಪಪ್ಪಾ, ಪ್ಲೀಸ್, ಜಸ್ಟ್ ಫೀಡ್ ಹಿಮ್. ಬೇರೆ ಎಂತ ಕೂಡ ಮಾಡ್ಬೇಡಿ."

ಕೊನೆಯ ಮಾತು ಸೇಸಪ್ಪನ ಕಿವಿಗೆ ಬೀಳಲಿಲ್ಲ. ಯಾರಾದರೂ 'ಬೇಡ' ಎಂದದ್ದನ್ನು ಕಿವಿಗೆ ಹಾಕಿಕೊಳ್ಳುವ ಪೈಕಿಯಾಗಿದ್ದರೆ ಅವನ ಅಂಗಡಿ ಎಂದೋ ಬಾಗಿಲು ಹಾಕಿರುತ್ತಿತ್ತು!

ಫಲೂದ ಎಂದರೆ ತೃಪ್ತಿ ಸಾಕಿದ ಆಕ್ಸೊಲಾಟಲ್. ನೀರಿನಲ್ಲೇ ಬದುಕುವ ಗೇಣುದ್ದದ ಪ್ರಾಣಿ. ಹಾಲಿಗೆ ಗುಲಾಬಿ ಶರಬತ್ತು ಬೆರೆಸಿದ ಬಣ್ಣ, ಪುಟ್ಟ ಕೈಕಾಲು, ತಲೆಯ ಎರಡೂ ಬದಿಗೆ ಕೆಂಪು ಗರಿಯಂಥ ಕಿವಿರು, ಹೊತ್ತುಗೊತ್ತಿಲ್ಲದೆ ನಗುವ ಮುಖ. ಹೆಂಡತಿ ಉಮಾವತಿಗೆ ಅದನ್ನು ಕಂಡರೆ ತಲೆಬಿಸಿ. "ಮೀನಾದ್ರೆ ಸಾರು ಮಾಡ್ಬಹುದಿತ್ತು, ಹಲ್ಲಿಯಾದ್ರೆ ಓಡಿಸ್ಬಹುದಿತ್ತು. ಇದನ್ನು ಎಂತ ಮಾಡುವುದು ಮಾರಾಯ್ರೆ?"

ಅಂದು ಸಂಜೆ ಸೇಸಪ್ಪ ಗಾಜಿನ ತೊಟ್ಟಿಯ ನೀರಿಗೆ ಬೆರಳಿಟ್ಟು ನೋಡಿದ. ತಣ್ಣಗೆ ಕೊರೆಯುತ್ತಿತ್ತು! ಸಾಲದ್ದಕ್ಕೆ ಮೇಲೊಂದು ಪುಟ್ಟ ಫ್ಯಾನು ಬೇರೆ ಗಾಳಿ ಬೀಸುತ್ತಿತ್ತು. ಕಂಬಳಿ ವ್ಯಾಪಾರಿಯ ಮನೆಯಲ್ಲಿ ಒಂದು ಜೀವ ಚಳಿಯಲ್ಲಿ ನಡುಗುವುದೆಂದರೇನು! ಫ್ಯಾನು ಆರಿಸಿದ. ಅಂಗಡಿಯಿಂದ ಹುಲಿಯ ಚಿತ್ರದ ಕೊರಿಯನ್ ಕಂಬಳಿ ತಂದು ತೊಟ್ಟಿಗೆ ಸುತ್ತಲೂ ಹೊದೆಸಿದ. "ಮಲಗು ಮಗನೇ" ಎಂದ.

ಮರುದಿನದಿಂದ ಫಲೂದ ಊಟ ಬಿಟ್ಟ.

ಕಿವಿರು ಮುದುಡಿತು, ಬಾಲದ ತುದಿ ಸುರುಳಿಯಾಯಿತು. ಸೇಸಪ್ಪ ಎರೆಹುಳುವನ್ನು ಚಿಮಟದಲ್ಲಿ ಹಿಡಿದು ವ್ಯಾಪಾರಕ್ಕೆ ಕುಳಿತ. "ಇವತ್ತಿನದೇ ಸ್ಟಾಕು! ಇಂಥದ್ದು ಕುವೈತ್ ಸಿಟಿಯ ದೊಡ್ಡ ದೊಡ್ಡ ಅಂಗಡಿಯಲ್ಲಿ ಕೂಡ ಇಲ್ಲ. ಒಮ್ಮೆ ಮೂಸಿ ನೋಡು, ಮೂಸಿದ್ದಕ್ಕೆ ದುಡ್ಡಿಲ್ಲ!"

ಫಲೂದ ನಕ್ಕ, ಬಾಯಿ ಬಿಡಲಿಲ್ಲ. ವ್ಯಾಪಾರಸ್ಥರೆಲ್ಲ ಬಲ್ಲ ನಗು ಅದು. ಇಡೀ ಅಂಗಡಿ ಬಿಚ್ಚಿ ಹರಡಿಸಿ, ಕೊನೆಗೆ "ಮನೆಯಲ್ಲಿ ಕೇಳಿ ಬರ್ತೇನೆ" ಎಂದು ಎದ್ದು ಹೋಗುವವರ ನಗು!

"ಸ್ವಲ್ಪ ಡಿಸ್ಕೌಂಟ್ ಕೊಟ್ಟು ನೋಡಿ" ಎಂದು ಅಡುಗೆಮನೆಯಿಂದ ಸಲಹೆ ಬಂತು.

ಡಿಸ್ಕೌಂಟೂ ಆಯಿತು, ಬೇಡಿಕೊಂಡದ್ದೂ ಆಯಿತು. ಫಲೂದ ಬಡವಾಗುತ್ತ ಬಂದ. ಸೇಸಪ್ಪನಿಗೂ ಅನ್ನ ಸೇರದಾಯಿತು. ಕೊನೆಗೆ ಉಮಾವತಿಯೇ ಮಗಳಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ತೊಟ್ಟಿಯತ್ತ ಹಿಡಿದಳು.

"ಪಪ್ಪಾ! ಯೂ ಪುಟ್ ಎ ಬ್ಲ್ಯಾಂಕೆಟ್ ಆನ್ ಹಿಮ್? ಅವನಿಗೆ ತಣ್ಣೀರೇ ಬೇಕು! ಸೆಕೆ ಆದ್ರೆ ಸತ್ತೇ ಹೋಗ್ತಾನೆ!" ತೃಪ್ತಿ ಕಿರುಚಿದಳು. "ಮೊದ್ಲು ನೀರನ್ನು ನಿಧಾನಕ್ಕೆ ತಂಪು ಮಾಡಿ. ಮತ್ತೆ ಡಬ್ಬಿಗೆ ಹಾಕಿ ಫ್ರಿಜ್ಜಲ್ಲಿಡಿ. ಅವನಿಗೆ ಏನಾದ್ರೂ ಆದ್ರೆ ನಾನು ನಿಮ್ಮತ್ರ ಮಾತೇ ಆಡುದಿಲ್ಲ!"

ಸೇಸಪ್ಪನಿಗೆ ಮಾತಿಲ್ಲದ ಶಿಕ್ಷೆ! ಒಡನೆ ಕಂಬಳಿ ಕಿತ್ತು ಫ್ಯಾನು ಹಾಕಿದ.

"ನನ್ನ ಫ್ರಿಜ್ಜಿಗಾ? ಮೊಸರಿನ ಪಕ್ಕ?" ಉಮಾವತಿ ಸೆರಗು ಸಿಕ್ಕಿಸಿ ಅಡ್ಡ ನಿಂತಳು. ಆದರೆ ತೊಟ್ಟಿಯ ಮೂಲೆಯಲ್ಲಿ ಮುದುಡಿದ್ದ ನಗುಮುಖವನ್ನು ಒಮ್ಮೆ ನೋಡಿದವಳು ತಾನೇ ಒಂದು ಖಾಲಿ ಮೊಸರಿನ ಬಕೆಟ್ ತೊಳೆದು, ಮುಚ್ಚಳಕ್ಕೆ ತೂತು ಕೊರೆದು ಕೊಟ್ಟಳು.

ಗಲ್ಫಿನ ಮನೆಗಳಲ್ಲಿ ಮುಚ್ಚಳವಿರುವ ಮೊಸರಿನ ಬಿಳಿ ಬಕೆಟನ್ನು ಯಾರೂ ಎಸೆಯುವುದಿಲ್ಲ. ಸೇಸಪ್ಪನ ಫ್ರಿಜ್ಜಿನಲ್ಲೂ ಅವುಗಳದೇ ಸಾಲು. ಒಂದರಲ್ಲಿ ಹಿಟ್ಟು, ಒಂದರಲ್ಲಿ ನಿನ್ನೆಯ ಸಾಂಬಾರು, ಒಂದರಲ್ಲಿ ಉಪ್ಪಿನಕಾಯಿ, ಒಂದರಲ್ಲಿ ಫಲೂದ.

"ಹೊರಗೆ ಒಂದು ಚೀಟಿ ಅಂಟಿಸಿ" ಎಂದಳು ಉಮಾವತಿ.

"ಚೀಟಿಯಾ? ಗೋಡೌನಿನ ಕಂಬಳಿಗಳನ್ನೆಲ್ಲ ಕಣ್ಣು ಮುಚ್ಚಿ ಗುರ್ತು ಹಿಡಿಯುವವ ನಾನು!"

ಫಲೂದನ ಬಾಲ ನೆಟ್ಟಗಾಯಿತು. ಊಟ ಮಾತ್ರ ಇಲ್ಲ. ತೃಪ್ತಿ ಬರುವ ದಿನ ಹತ್ತಿರವಾಯಿತು.

ಶುಕ್ರವಾರ ಬೆಳಿಗ್ಗೆ ಕೆಳಗಿನ ಫ್ಲ್ಯಾಟಿನ ವೆನಿಸ್ಸಾ ಬಾಗಿಲು ತಟ್ಟಿದಳು. "ಸೇಸಪ್ಪಣ್ಣ, ಉಮಕ್ಕ ನೀರ್‌ದೋಸೆ ಹಿಟ್ಟು ಕಡೆದಿಟ್ಟಿದ್ದೇನೆ ಅಂದಿದ್ರು. ಸಿಲ್ವೆಸ್ಟರಿನ ಆಫೀಸಿನವರು ಊಟಕ್ಕೆ ಬರ್ತಾರೆ."

ಉಮಾವತಿ ಬಚ್ಚಲಿನಿಂದಲೇ ಕೂಗಿದಳು, "ನೀವು ಮುಟ್ಬೇಡಿ! ನಾನು ಬಂದು ಕೊಡ್ತೇನೆ!"

ಮತ್ತೆ ಅದೇ 'ಬೇಡ'! ಸೇಸಪ್ಪ ಫ್ರಿಜ್ಜು ತೆರೆದ, ಒಂದು ಬಕೆಟ್ ಎತ್ತಿದ, ಮುಚ್ಚಳದ ತೂತನ್ನು ಗಮನಿಸದೆ ಕುಲುಕಿದ. ಒಳಗೆ ಗುಳುಗುಳು ಎಂದಿತು. ನೀರ್‌ದೋಸೆಯ ಹಿಟ್ಟು ಮತ್ತೇನು ಗಟ್ಟಿಯಿರುತ್ತದೆಯೇ? "ಫಸ್ಟ್ ಕ್ಲಾಸ್ ಹಿಟ್ಟು ವೆನಿಸ್ಸಾಬಾಯಿ! ಅಡಿಯಲ್ಲಿ ಕೂತಿರ್ತದೆ, ಸೌಟು ಹಾಕಿ ಚೆನ್ನಾಗಿ ತಿರುಗಿಸಿ!"

ತಲೆಗೆ ಟವೆಲು ಸುತ್ತಿಕೊಂಡು ಬಂದ ಉಮಾವತಿ ಫ್ರಿಜ್ಜು ತೆರೆದಳು. "ಹಿಟ್ಟು ಇಲ್ಲೇ ಉಂಟಲ್ಲ ಮಾರಾಯ್ರೆ! ನೀವು ಎಂತ ಕೊಟ್ಟದ್ದು?"

ಉತ್ತರ ಕೆಳಗಿನ ಫ್ಲ್ಯಾಟಿನಿಂದ ಬಂತು. ವೆನಿಸ್ಸಾ ಕೊಂಕಣಿಯಲ್ಲಿ ದೇವರನ್ನು ಕೂಗುತ್ತಿದ್ದಳು. "ಸಾಯ್ಬಾ ಭೊಗೊಸ್!!"

ಲುಂಗಿ ಎತ್ತಿಕಟ್ಟಿ ಸೇಸಪ್ಪ ಮೆಟ್ಟಿಲಿಳಿದ ವೇಗಕ್ಕೆ ಲಿಫ್ಟು ನಾಚಬೇಕು. ಉಮಾವತಿ ಹಿಂದೆಯೇ ಓಡಿದಳು. ವೆನಿಸ್ಸಾ ಅಡುಗೆಮನೆಯಲ್ಲಿ ಕುರ್ಚಿಯ ಮೇಲೆ ನಿಂತಿದ್ದಳು. ಅವಳ ಗಂಡ ಸಿಲ್ವೆಸ್ಟರ್ ಸೌಟನ್ನು ತಲವಾರಿನಂತೆ ಹಿಡಿದಿದ್ದ. ಸುಲಿದಿಟ್ಟಿದ್ದ ಸಿಗಡಿಯ ತಟ್ಟೆ ಮಗುಚಿ ಬಿದ್ದಿತ್ತು.

"ಇದೆಂಥ ದೋಸೆ ಸೇಸಪ್ಪಣ್ಣ? ಇದಕ್ಕೆ ಕೈ ಉಂಟು! ನನ್ನನ್ನು ನೋಡಿ ನಗ್ತದೆ!"

"ನಗು ಸಾಯ್ಲಿ," ಎಂದ ಸಿಲ್ವೆಸ್ಟರ್, "ತಟ್ಟೆಯಿಂದ ಬಕೆಟಿಗೆ ಬಿದ್ದ ಸಿಗಡಿಯನ್ನು ಗುಳುಂ ಮಾಡಿತು!"

"ತಿಂದ್ನಾ?" ಸೇಸಪ್ಪನ ಕಣ್ಣಲ್ಲಿ ನೀರು. ಒಡನೆ ಇನ್ನೊಂದು ಸಿಗಡಿಯ ಚೂರು ಹಿಡಿದು ಬಕೆಟಿಗೆ ಬಗ್ಗಿದ. "ನೋಡು ಮಗನೇ, ಇದು ಅರಬ್ಬೀ ಕೊಲ್ಲಿಯ ಮಾಲು, ಇಂಥದ್ದು..."

ಫಲೂದ ಮುಖ ತಿರುಗಿಸಿದ.

"ಖಲಾಸ್! ಒಮ್ಮೆ ಬಾಯಿ ಮುಚ್ಚಿ!" ಎಂದಳು ಉಮಾವತಿ.

ಮದುವೆಯಾದ ಮೇಲೆ ಮೊದಲ ಸಲ ಸೇಸಪ್ಪ ಬಾಯಿ ಮುಚ್ಚಿದ. ಫಲೂದ ಮೆಲ್ಲನೆ ತಿರುಗಿದ, ನೋಡಿದ... ಗುಳುಂ!

ಊರಿನಿಂದ ಬಂದಿಳಿದ ತೃಪ್ತಿ ತೊಟ್ಟಿಯಲ್ಲಿ ಈಜುತ್ತಿದ್ದ ಫಲೂದನನ್ನು ಕಂಡು ಕುಣಿದಾಡಿದಳು. "ಪಪ್ಪಾ, ಅಮೇಜಿಂಗ್! ಎಂತ ಮದ್ದು ಕೊಟ್ರಿ?"

ಭಾಷಣಕ್ಕೆಂದು ಸೇಸಪ್ಪ ಗಂಟಲು ಸರಿಮಾಡಿಕೊಂಡ. ಉಮಾವತಿ ಮುಂದೆ ಬಂದಳು. "ನಿನ್ನ ಪಪ್ಪ ಬಾಯಿ ಮುಚ್ಚಿದ್ರು. ಅದೇ ಮದ್ದು."

ಮರುದಿನ ಅಂಗಡಿಗೆ ಬಂದ ಗಿರಾಕಿಯೊಬ್ಬ ಹುಲಿಯ ಕಂಬಳಿಯನ್ನು ಸವರಿ ಸುಮ್ಮನೆ ನಕ್ಕ. ಸೇಸಪ್ಪನ ಬಾಯಿ ತೆರೆಯಿತು. ಏನೋ ನೆನಪಾಗಿ ಮುಚ್ಚಿತು. ತುಟಿ ಕಚ್ಚಿ ಕುಳಿತ. ಗಿರಾಕಿ ತಾನಾಗಿಯೇ ಎರಡು ಕಂಬಳಿ ಎತ್ತಿಕೊಂಡು, ಚೌಕಾಸಿಯನ್ನೂ ಮಾಡದೆ ಹಣ ಕೊಟ್ಟು ನಡೆದ.

ಇಷ್ಟು ಕಾಲದ ವ್ಯಾಪಾರದಲ್ಲಿ ಸೇಸಪ್ಪನಿಗೆ ಇಷ್ಟೊಂದು ಬೇಜಾರಾದ ಮಾರಾಟ ಇನ್ನೊಂದಿಲ್ಲ!