ಪಾಳಿಯಲ್ಲಿಟ್ಟ ಡಬ್ಬಿಯೂ ತಮ್ಮ ‘ಗೆಟ್ ಬ್ಯಾಕ್’ ಎಂಬ ವಚನವೂ

ಗರುಡಗತಿ ಮೋಟಾರು ಕಂಪನಿಯಲ್ಲಿ ಗಿರಾಕಿಗಳ ದೂರಿಗೆ ತಾನಾಗಿಯೇ ಉತ್ತರ ಬರೆಯುವ ಸಹಾಯಕ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ಅಥಣಿ ತಾಲ್ಲೂಕು ತೆಲಸಂಗದಿಂದ ಹಿಟ್ಟಿನ ಗಿರಣಿಯ ಹುಸೇನಮಿಯಾ ಮಾಡುವ ಅನಂತ ಸಲಾಮುಗಳು. ತಮ್ಮ ಕಂಪನಿಯ ಮೋಟಾರೊಂದನ್ನು ಬಿಟ್ಟು ಇಲ್ಲಿ ನಾವೆಲ್ಲರೂ ಕ್ಷೇಮ. ತಮಗೆ ನೆಗಡಿ, ಹಸಿವು, ನಾಚಿಕೆ ಇವಾವುವೂ ಇಲ್ಲವೆಂದು ನನ್ನ ಮಗಳು ಫರಹೀನ ತಿಳಿಸಿರುವುದರಿಂದ ತಮ್ಮ ಕ್ಷೇಮವನ್ನು ಪ್ರತ್ಯೇಕವಾಗಿ ವಿಚಾರಿಸಿಲ್ಲ, ಮನ್ನಿಸಬೇಕು.

ತಮ್ಮ ಹೊಸ ಮೋಟಾರು ನಮ್ಮ ಗಿರಣಿಗೆ ಬಂದ ದಿನ ಅದಕ್ಕೆ ಹೂವಿನ ಹಾರ ಹಾಕಿ, ಕಾಯಿ ಒಡೆಸಿ, ಫಾತಿಹಾ ಓದಿಸಿ, ಎರಡೂ ಕಡೆಯಿಂದ ಬಂದೋಬಸ್ತು ಮಾಡಿಕೊಂಡಿದ್ದೆವು. ಆದರೂ ಅದು ಶ್ರಾವಣ ಕಾಲಿಡುವ ಮೊದಲೇ ಒಮ್ಮೆ ಗುರ್ ಎಂದು ಮೌನವ್ರತ ಹಿಡಿಯಿತು. ಅದರ ಮೈಮೇಲೆ ತಾವು ಅಂಟಿಸಿರುವ ಕೆಂಪು ಸೀಲನ್ನು ಒಡೆದರೆ ವಾರಂಟಿ ಹೋಗುತ್ತದೆಂದು ಬರೆದಿರುವುದರಿಂದ, ವೈಂಡಿಂಗ್ ಮಾಡುವ ರಾಜಾರಾಮ ಸ್ಕ್ರೂಡ್ರೈವರ್ ಹಿಡಿದುಕೊಂಡು ಬಂದವನು ಅದನ್ನು ಕಿಸೆಯಲ್ಲಿಟ್ಟುಕೊಂಡು ಹೋದ. ನಾನು ನೇರವಾಗಿ ತಮಗೇ ಬರೆದೆ.

ತಮ್ಮ ಉತ್ತರ ನಾನು ಫೋನು ಕೆಳಗಿಡುವುದರೊಳಗೆ ಬಂತು. ‘ನಾವು ಇದನ್ನು ಲುಕಿಂಗ್ ಇಂಟು ಮಾಡುತ್ತಿದ್ದೇವೆ, ನಮ್ಮ ಟೀಮ್ ಶೀಘ್ರದಲ್ಲೇ ನಿಮಗೆ ರೀಚ್ ಔಟ್ ಆಗಲಿದೆ’ ಎಂಬ ಆ ಎರಡು ಸಾಲನ್ನು ಓದಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಳಿಯನಾಗುವವನು ಕೂಡ ನನಗೆ ಇಷ್ಟು ಬೇಗ ಉತ್ತರ ಕೊಟ್ಟಿರಲಿಲ್ಲ.

ನಮ್ಮ ಕಡೆ ಬರುತ್ತೇನೆಂದು ಹೇಳಿದವರಿಗೆ ಅಡುಗೆ ಮಾಡಿಡುವುದು ವಾಡಿಕೆ. ನನ್ನ ಹೆಂಡತಿ ಶಹಜಾದಬಿ ಎಷ್ಟು ಮಂದಿ ಬರುತ್ತಾರೆಂದು ಕೇಳಿದಳು. ಟೀಮ್ ಎಂದ ಮೇಲೆ ಹನ್ನೊಂದು ಮಂದಿಯಾದರೂ ಇರಲೇಬೇಕು, ಜೊತೆಗೆ ನೀರು ತರುವ ಹನ್ನೆರಡನೆಯವನೊಬ್ಬ ಎಂದು ನಾನು ಲೆಕ್ಕ ಹೇಳಿದೆ. ಆಕೆ ಮನೆಯಲ್ಲಿ ಉಳಿದಿದ್ದ ಹಿಟ್ಟನ್ನೆಲ್ಲ ನಾದಿ ರೊಟ್ಟಿ ಬಡಿದಳು, ಎಣ್ಣೆಗಾಯಿ ಪಲ್ಯ ಮಾಡಿದಳು. ಸಂಜೆಯವರೆಗೆ ತಮ್ಮ ಟೀಮಿನ ಹನ್ನೆರಡನೆಯವನೂ ಕಾಣಲಿಲ್ಲವಾದ್ದರಿಂದ, ಗಾಲಿ ಪಂಕ್ಚರಾಗಿ ನಮ್ಮ ಬಾಗಿಲಲ್ಲಿ ನಿಂತಿದ್ದ ಟ್ರ್ಯಾಕ್ಟರಿನವರು ತಮ್ಮ ಪರವಾಗಿ ಊಟ ಮಾಡಿದರು. ಪಲ್ಯಕ್ಕೆ ಉಪ್ಪು ಒಂದು ಹರಳು ಕಡಿಮೆಯಿತ್ತಂತೆ. ತಮಗೆ ತಿಳಿದಿರಲಿ ಎಂದು ಬರೆದಿದ್ದೇನೆ.

ಮರುದಿನ ನಾನು ಮತ್ತೆ ಕೇಳಿದ್ದಕ್ಕೆ ತಾವು ‘ಫಾಲೋ ಅಪ್ ಮಾಡುತ್ತಿದ್ದೇವೆ’ ಎಂದಿರಿ. ಅದಕ್ಕೂ ಮರುದಿನ ‘ದಯವಿಟ್ಟು ಬೇರ್ ವಿತ್ ಅಸ್’ ಎಂದಿರಿ. ಆಮೇಲೆ ‘ನಾವು ನಿಮಗೆ ಗೆಟ್ ಬ್ಯಾಕ್ ಆಗುತ್ತೇವೆ’ ಎಂದಿರಿ. ಇವುಗಳ ಅರ್ಥವನ್ನು ಫರಹೀನ ಬಿಡಿಸಿ ಹೇಳಿದಳು: ಬೆನ್ನು ಹತ್ತಿದ್ದೇವೆ, ಸ್ವಲ್ಪ ಸಹಿಸಿಕೊಳ್ಳಿ, ತಿರುಗಿ ಬರುತ್ತೇವೆ. ಹಾಗಾದರೆ ಯಾವ ಬಸ್ಸಿಗೆ ಬರುತ್ತಾರೆ ಎಂದು ನಾನು ಕೇಳಿದಾಗ ಆಕೆ ನಕ್ಕು, “ಅಬ್ಬಾ, ಅದು ಬರಿಯೋ ಪದ್ಧತಿ ಐತ್ರಿ, ಬರೋ ಪದ್ಧತಿ ಅಲ್ಲ” ಎಂದಳು. ಹುಡುಗಿ ಕಾಲೇಜಿಗೆ ಹೋಗಿ ಹಿರಿಯರ ಮಾತನ್ನು ನಂಬದಂತಾಗಿದ್ದಾಳೆಂದು ನಾನೇ ಗದರಿಸಿದೆ.

ಇಲ್ಲಿ ನಮ್ಮ ಗಿರಣಿಯ ಕಾನೂನನ್ನು ತಮ್ಮ ಅವಗಾಹನೆಗೆ ತರಬೇಕು. ನಮ್ಮಲ್ಲಿ ಪಾಳಿ ಹಚ್ಚುವುದು ಮನುಷ್ಯರಲ್ಲ, ಡಬ್ಬಿಗಳು. ಜೋಳದ ಡಬ್ಬಿಯನ್ನು ಸಾಲಿನಲ್ಲಿಟ್ಟು ಹೊಲಕ್ಕೆ ಹೋದವಳ ಪಾಳಿಯನ್ನು ಊರಿನ ಯಾವ ದೊಡ್ಡ ಮನುಷ್ಯನೂ ತಪ್ಪಿಸುವಂತಿಲ್ಲ. ಡಬ್ಬಿ ಇಟ್ಟರೆಂದರೆ ಅವರು ನನ್ನನ್ನು ನಂಬಿದರೆಂದೇ ಅರ್ಥ, ನಾನು ಇಡಿಸಿಕೊಂಡೆನೆಂದರೆ ಹಿಟ್ಟು ಕೊಡುತ್ತೇನೆಂದೇ ಅರ್ಥ. ಇದಕ್ಕೆ ಸೀಲು ಇಲ್ಲ, ಸಹಿ ಇಲ್ಲ, ವಾರಂಟಿಯಂತೂ ಇಲ್ಲವೇ ಇಲ್ಲ.

ಮೋಟಾರು ನಿಂತಾಗ ಡಬ್ಬಿಗಳ ಸಾಲು ಬಾಗಿಲು ದಾಟಿ ದುಂಡೇಶನ ಚಹಾದಂಗಡಿಯವರೆಗೆ ಇತ್ತು. ಡಬ್ಬಿಗಳ ಒಡತಿಯರು ‘ಗಿರಣಿ ಪಾಳಿ’ ಎಂಬ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಿಟ್ಟು ಯಾವಾಗ ಎಂದು ಕೇಳತೊಡಗಿದರು. ಏನು ಬರೆಯಬೇಕೆಂದು ತಿಳಿಯದೆ ನಾನು ತಮ್ಮನ್ನೇ ಗುರುವೆಂದು ಭಾವಿಸಿ ‘ಲುಕಿಂಗ್ ಇಂಟು ಮಾಡುತ್ತಿದ್ದೇನೆ’ ಎಂದು ಬರೆದೆ. ಎಂಥ ಪವಾಡವೆಂದರೆ, ಎಲ್ಲರೂ ಸುಮ್ಮನಾದರು! ಸುಳ್ಳು ಹೇಳಿದ ಪಾಪವೂ ಇಲ್ಲ, ಖರೆ ಹೇಳುವ ಕಷ್ಟವೂ ಇಲ್ಲ. ಇಂಥ ಮಾತುಗಳನ್ನು ಕಂಡುಹಿಡಿದವರಿಗೆ ನಮ್ಮೂರ ಅಗಸಿಬಾಗಿಲಲ್ಲಿ ಒಂದು ಕಟ್ಟೆಯನ್ನಾದರೂ ಕಟ್ಟಿಸಬೇಕು.

ಆದರೆ ಈ ವಿದ್ಯೆ ಅಂಟುಜಾಡ್ಯದಂತೆ ಹಬ್ಬಿತು. ದುಂಡೇಶ ಚಹಾ ಕೇಳಿದವರಿಗೆಲ್ಲ ‘ಫಾಲೋ ಅಪ್ ಮಾಡುತ್ತಿದ್ದೇನೆ’ ಎಂದು ಮೆಸೇಜು ಹಾಕಿ ಮಲಗಿದ. ಹೊಲದ ಬದುವಿನ ತಂಟೆಗೆ ಪಂಚರನ್ನು ಕರೆದ ಸತ್ತೆಪ್ಪನಿಗೆ ಪಂಚರು ‘ರೀಚ್ ಔಟ್ ಆಗಲಿದ್ದೇವೆ’ ಎಂದು ಬರೆದು ಜತ್ತದ ಸಂತೆಗೆ ಹೋದರು. ಅವನ ಹೆಂಡತಿ ಗಂಗಾ ಎಮ್ಮೆ ಹಿಂಡಲು ಕರೆದರೆ ಸತ್ತೆಪ್ಪ ಕೊಟ್ಟಿಗೆಯ ಈಚೆಯಿಂದಲೇ ‘ಬೇರ್ ವಿತ್ ಅಸ್’ ಎಂದು ಕಳಿಸಿದ. ಇಂಗ್ಲಿಷು ಬಾರದ ಎಮ್ಮೆಯೊಂದು ಮಾತ್ರ ಸಹಿಸಿಕೊಳ್ಳದೆ ಒದೆಯಿತು.

ಇಡೀ ಊರಿನಲ್ಲಿ ಹಿಂದುಳಿದವನೆಂದರೆ ಆಚೆ ಓಣಿಯ ಇನ್ನೊಂದು ಗಿರಣಿಯ ಜಕ್ಕಪ್ಪ. ಆತ ಅದೇ ಗುಂಪಿನಲ್ಲಿ ‘ಕರೆಂಟ್ ಐತಿ, ಬರ್ರಿ’ ಎಂದಷ್ಟೇ ಬರೆದ. ನನ್ನ ಸಾಲಿನ ಡಬ್ಬಿಗಳು ಒಂದೊಂದಾಗಿ ಎದ್ದು ಆ ಒರಟು ಮಾತಿನ ಹಿಂದೆ ನಡೆದುಹೋದವು.

ಕೊನೆಗೆ ಉಳಿದದ್ದು ಸಕ್ಕುಬಾಯಿಯ ಡಬ್ಬಿ ಒಂದೇ. ಅಥಣಿಯ ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಬದುಕುವ ಈ ಹೆಂಗಸು ನನ್ನ ಗಿರಣಿಯ ಹಿಟ್ಟಿಗೇ ಜಿಗಿ ಹೆಚ್ಚು, ಬಡಿಯುವಾಗ ರೊಟ್ಟಿ ಹರಿಯುವುದಿಲ್ಲವೆಂದು ಜಿದ್ದಿಗೆ ಬಿದ್ದು ಕಾಯುತ್ತಿದ್ದಳು. ಆಕೆಗೂ ನಾನು ‘ಗೆಟ್ ಬ್ಯಾಕ್ ಆಗುತ್ತೇನೆ’ ಎಂದು ಬರೆದಿದ್ದೆ. ಮೊನ್ನೆ ಆಕೆ ಫೋನನ್ನು ಸೆರಗಿನಿಂದ ಒರೆಸಿಕೊಂಡು ಗಿರಣಿಗೇ ಬಂದು ನನ್ನ ಮುಖದ ಮುಂದೆ ಹಿಡಿದಳು. “ಹುಸೇನಣ್ಣಾ, ನನ್ನ ಮೊಮ್ಮಗಳ ಕಡೆಯಿಂದ ಎರಡು ಸಲ ಓದಿಸೀನಿ. ಇದರಾಗ ಹಿಟ್ಟು ಯಾವಾಗ ಸಿಗತೈತಿ ಅಂತ ಎಲ್ಲಿ ಬರದೀರಿ, ಬಟ್ಟು ಇಟ್ಟು ತೋರಸ್ರಿ. ನಾಳಿ ರೊಟ್ಟಿ ಹೋಗಲಿಲ್ಲಂದ್ರ ಖಾನಾವಳಿಯವ್ರು ಬ್ಯಾರೆಯವ್ರನ್ನ ನೋಡ್ಕೋತಾರ.”

ಮಾನ್ಯರೇ, ನಾನು ಬೆರಳಿಡಲು ಜಾಗ ಹುಡುಕಿದೆ. ಸಿಗಲಿಲ್ಲ. ಆಗ ನನಗಾದ ನಾಚಿಕೆಯನ್ನು ತಮ್ಮಂಥವರಿಗೆ ವಿವರಿಸುವುದು ಹೇಗೆಂದು ತಿಳಿಯದೆ ಈ ಸಾಲನ್ನು ಇಲ್ಲಿಗೇ ಬಿಡುತ್ತಿದ್ದೇನೆ.

ಸಕ್ಕುಬಾಯಿಯ ಡಬ್ಬಿಯನ್ನು ನಾನೇ ಹೆಗಲಿಗೇರಿಸಿಕೊಂಡು, ಅಗಸಿಯ ಮಂದಿಯೆಲ್ಲ ನೋಡುತ್ತಿರುವಂತೆ, ಜಕ್ಕಪ್ಪನ ಗಿರಣಿಗೆ ನಡೆದೆ. ಒಬ್ಬ ಗಿರಣಿಯವನು ಇನ್ನೊಬ್ಬನ ಗಿರಣಿಗೆ ಜೋಳ ಹೊತ್ತು ಹೋಗುವುದೆಂದರೆ, ಹಜಾಮ ಎದುರಂಗಡಿಯಲ್ಲಿ ಕೂತು ಕ್ಷೌರ ಮಾಡಿಸಿಕೊಂಡ ಹಾಗೆ. ದುಂಡೇಶ ಅಂಗಡಿಯಿಂದಲೇ “ಚಾಚಾ, ನೀವೂ ಪಾರ್ಟಿ ಬದಲಿ ಮಾಡಿದ್ರೇನು?” ಎಂದು ಕೂಗಿದ. ಜಕ್ಕಪ್ಪ ನಕ್ಕಾನೆಂದು ನಾನು ತಲೆ ತಗ್ಗಿಸಿದ್ದರೆ, ಆತ “ಬರ್ರಿ, ಪಾಳಿಗೆ ಇಡ್ರಿ, ಆಗತೈತಿ” ಎಂದ. ಆಯಿತು ಕೂಡ. ಬಿಸಿ ಹಿಟ್ಟಿನ ಡಬ್ಬಿಯನ್ನು ಸಕ್ಕುಬಾಯಿಯ ಕಟ್ಟೆಯ ಮೇಲಿಟ್ಟಾಗ ಆಕೆ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ನೋಡಿ, “ಜಿಗಿ ಕಡಿಮಿ ಐತಿ, ಇರಲಿ” ಎಂದು ಒಲೆ ಹೊತ್ತಿಸಿದಳು.

ಇನ್ನು ನನ್ನ ಬಿನ್ನಹಗಳು. ತಮ್ಮ ‘ಲುಕಿಂಗ್ ಇಂಟು’ ಅವರಿಗೆ ನಿಜವಾಗಿ ಕಣ್ಣುಗಳಿದ್ದಲ್ಲಿ ಅವನ್ನಾದರೂ ಪಾರ್ಸೆಲ್ ಮೂಲಕ ಕಳಿಸಿಕೊಡಬೇಕು, ನೋಡಿದ ಮೇಲೆ ಸುರಕ್ಷಿತವಾಗಿ ಹಿಂದಿರುಗಿಸುತ್ತೇನೆ. ‘ರೀಚ್ ಔಟ್’ ಅವರು ದಾರಿ ತಪ್ಪಿದ್ದರೆ ಅಥಣಿ ಬಸ್ ನಿಲ್ದಾಣದಲ್ಲಿ ನನ್ನ ಹೆಸರು ಹೇಳಬೇಕು. ಇದಾವುದೂ ಸಾಧ್ಯವಾಗದಿದ್ದಲ್ಲಿ, ಜೋಳದ ಬದಲು ತಮ್ಮ ಸಂದೇಶಗಳನ್ನೇ ಬೀಸಿಕೊಡುವಂಥ ಕಲ್ಲೊಂದನ್ನು ತಯಾರಿಸಬೇಕು. ಅದಕ್ಕೆ ಬೇಕಾದ ಕಾಳು ನನ್ನ ಫೋನಿನಲ್ಲಿ ಯಥೇಚ್ಛವಾಗಿ ಸಂಗ್ರಹವಾಗಿದೆ.

ನಾಳೆ ಬೆಳಿಗ್ಗೆ ರಾಜಾರಾಮ ಸ್ಕ್ರೂಡ್ರೈವರ್ ಸಮೇತ ಬರುತ್ತಾನೆ. ಬರುತ್ತೇನೆಂದು ಬಾಯಿಂದಲೇ ಹೇಳಿದ್ದಾನೆ, ಆದ್ದರಿಂದ ಬರುತ್ತಾನೆ. ಸೀಲನ್ನು ನನ್ನ ಕೈಯಾರೆ ಒಡೆಯುತ್ತೇನೆ. ವಾರಂಟಿ ಹೋದರೆ ಹೋಗಲಿ. ಸಕ್ಕುಬಾಯಿ ಆ ಖಾಲಿ ಡಬ್ಬಿಯಲ್ಲಿ ಮತ್ತೆ ಜೋಳ ತುಂಬಿ, ಬೈಯುತ್ತಲೇ ನನ್ನ ಬಾಗಿಲಲ್ಲಿ ತಂದಿಟ್ಟು ಹೋಗಿದ್ದಾಳೆ.

ಇನ್ನೂ ಸಹಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಹುಸೇನಮಿಯಾ
ಹಿಟ್ಟಿನ ಗಿರಣಿ, ತೆಲಸಂಗ

ತಾ.ಕ.: ಈ ಪತ್ರ ಬರೆಯುತ್ತಿರುವಾಗಲೇ ತಮ್ಮ ಸಂದೇಶ ಬಂತು. ನಮ್ಮ ಸೇವೆ ಹೇಗಿತ್ತು, ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದ್ದೀರಿ. ತಮ್ಮ ಹೆಸರು ಬರೆದ ಖಾಲಿ ಡಬ್ಬಿಯೊಂದನ್ನು ಸಕ್ಕುಬಾಯಿಯ ಡಬ್ಬಿಯ ಹಿಂದೆ ಪಾಳಿಗೆ ಇಟ್ಟಿದ್ದೇನೆ. ನಮ್ಮಲ್ಲಿ ಎಲ್ಲರ ಪಾಳಿಯೂ ಬರುತ್ತದೆ. ನಕ್ಷತ್ರಗಳನ್ನು ಸಣ್ಣಗೆ ಬೀಸಬೇಕೋ ದಪ್ಪಗೆ ಬೀಸಬೇಕೋ ತಿಳಿಸಿರಿ. ಅಲ್ಲಿಯವರೆಗೆ ದಯವಿಟ್ಟು ಬೇರ್ ವಿತ್ ಅಸ್.